ಹಳೇ ಬ್ರೌಸರ್, ರೇವವ್ವನ ಬೀಸೂ ಪದ

ಸಿಂದಗಿ,
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ರೇವವ್ವಗ,

ಮೊಣಕಾಲು ಹೆಂಗ ಐತಿ? ಡಾಕ್ಟರ್ ಹೇಳಿದಂಗ ಮುಂಜಾನೆ, ಸಂಜಿಮುಂದ ನಡದಾಡತಿಯೋ, ಇಲ್ಲಾ ತಂಗಿ ಜೋಡಿ ಕುಂತು ಬರೇ ಮಾತ ಆಡತಿಯೋ? ಫೋನ್ ಮಾಡಿದ್ರ ನಿನ್ನ ತಂಗಿ ಸ್ಪೀಕರ್ ಹಚ್ಚತಾಳ, ಚಡಚಣದ ಅರ್ಧ ಓಣಿ ಕೇಳತೈತಿ. ಅದಕ್ಕ ಈ ಪತ್ರ. ನಾ ಆರಾಮ ಅದೇನಿ. ರೊಟ್ಟಿ ಬಾಜೂ ಮನಿಯವರು ಕೊಡತಾರ. ಪಲ್ಯ ನಾನಽ ಮಾಡತೇನಿ, ಬೆಕ್ಕು ಸೈತ ಮೂಸಿ ನೋಡಿ ಹೋಗತೈತಿ.

ಈಗ ಸುದ್ದಿ ಕೇಳು. ನೀ ಮದುವಿಗೆ ಮೊದಲ ಕಟ್ಟಿದ ಬೀಸೂ ಪದ ಅಚ್ಚಾಗಿದ್ದ ಮಾಸಪತ್ರಿಕಿ ಗೆದ್ದಲ ತಿಂತಲ್ಲ, "ಹೋಗ್ಲಿ ಬಿಡ್ರಿ" ಅಂದಿ, ಆದ್ರ ಉಳದ ಚೂರು ಆರಿಸಿ ಅರಿವ್ಯಾಗ ಕಟ್ಟಿ ತಿರುಗಿ ಟ್ರಂಕಿನ್ಯಾಗಽ ಇಟ್ಟಿ. ಅಂಥ ಹಳೇ ಪತ್ರಿಕಿ ಈಗ ಆನ್‌ಲೈನ್ ಗ್ರಂಥಾಲಯದಾಗ ಸಿಗತಾವ ಅಂತ ಗೊತ್ತಾತು. ನನ್ನ ಫೋನಿನ್ಯಾಗ ತೆರದ್ರ, "ನಿಮ್ಮ ಬ್ರೌಸರ್ ಹಳೆಯದು, ಇದರಲ್ಲಿ ತೆರೆಯುವುದಿಲ್ಲ" ಅಂತ ಬಂತು. ಬ್ರೌಸರ್ ಅಂದ್ರ ಏನು ಯಾರಿಗೆ ಗೊತ್ತು! ನನಗಽ ಮುದುಕ ಅಂದ್ರು ಅನಕೊಂಡು ಸಿಟ್ಟಿಲೆ ಸೀದಾ ಊರ ಲೈಬ್ರರಿಗೆ ಹೋದೆ. ಲೈಬ್ರೇರಿಯನ್ ನಸ್ರೀನ ನಕ್ಕು, "ಅಜ್ಜಾರ, ಬೈದಿದ್ದು ನಿಮಗಲ್ರಿ, ಫೋನಿಗೆ. ಇಂಟರ್‌ನೆಟ್ ತೆರದು ತೋರಸೂ ಸಾಫ್ಟ್‌ವೇರಿಗೆ ಬ್ರೌಸರ್ ಅಂತಾರ್ರಿ" ಅಂದ್ಳು. ಆಕಿ ಕಂಪ್ಯೂಟರಿನ್ಯಾಗ ನೋಡಿದ್ರ ಅಲ್ಲೂ ಅದಽ ಮಾತು! ಈಗ ನಗೂ ಪಾಳಿ ನಂದು. ಆಕಿ ಹೊಸ ಬ್ರೌಸರ್ ಹಾಕಿದ್ಳು. ಪತ್ರಿಕಿ ಹೆಸರು ಬಂತು, ಒತ್ತಿದ್ರ ಪುಟ ಬರಲಿಲ್ಲ. ಪುಟ ಬ್ಯಾರೆ ಕಿಟಕ್ಯಾಗ ತೆರಿತೈತಂತ. ಅದನ್ನ ಜಾಹೀರಾತು ಅಂತ ತಿಳದು ಈ ಬ್ರೌಸರ್ ತಡದಿತ್ತಂತ. ಅದಕ್ಕೂ ಪರವಾನಗಿ ಕೊಟ್ಳು. ಬಂತ ನೋಡು ರೇವಾ, "ರೇವವ್ವ, ಮುದ್ದೇಬಿಹಾಳ" ಅಂತ, ನಿನ್ನ ತವರಿನ ಹೆಸರಿನ ಜೋಡಿ! ಲೈಬ್ರರಿ ಅನ್ನೂದು ಮರತು ಚೀರಿಬಿಟ್ಟೆ. ಪೇಪರ್ ಓದಾಕ ಕುಂತವರೆಲ್ಲಾ ತಿರುಗಿ ನೋಡಿದ್ರು. ಅವರನ್ನೂ ಕರದು ತೋರಿಸಿದೆ.

ಪ್ರಿಂಟ್ ತಗಸಿ ಇದರಾಗ ಇಟ್ಟೇನಿ. ತಂಗಿಗೆ, ಆಕಿ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಗುಳಗಿ ತಪ್ಪಸಬ್ಯಾಡ.

ನಿನ್ನ
ಖಂಡೆಪ್ಪ

ತಾ.ಕ.: ಪುಟದ ತಳ ಹರದೈತಿ, ಕಡೀ ನುಡಿ ಕಾಣಂಗಿಲ್ಲ. ನಾನಽ ಬಾಯಿಲೆ ಹೇಳಿ ನಸ್ರೀನ ಕಡಿಂದ ಬರಸೇನಿ, ಒಂದಕ್ಷರ ತಪ್ಪಿಲ್ಲ. "ನಿಮಗ ಹೆಂಗ ಗೊತ್ರಿ?" ಅಂದ್ಳು. ನೀ ನಸುಕಿನ್ಯಾಗ ಬೀಸೂಕಲ್ಲಿನ ಮುಂದ ಕುಂತು ಹಾಡುವಾಗ ನಾ ನಿದ್ದಿ ಹತ್ತಿದವರಂಗ ಮಲಗಿರತಿದ್ದೆ. ನಿದ್ದಿ ಯಾವತ್ತೂ ಹತ್ತಿರಲಿಲ್ಲ.