ಮೂರನೇ ಕ್ರಾಸಿನ ಗೋಡೆ

ಶಿರಾ,
11 ಆಗಸ್ಟ್ 2025

ಪ್ರೀತಿಯ ಅತ್ತಿಗೆ ಇಂದ್ರಮ್ಮನವರಿಗೆ ನಿಮ್ಮ ನಾದಿನಿ ಮಂಗಳಾಳ ಶರಣು.

ಹಿತ್ತಲಾಚೆಯ ಲೇಔಟಿನಲ್ಲೇ ಕೂತು ಕಾಗದ ಬರೆಯುತ್ತಾಳಲ್ಲ, ಇವಳ ತಲೆ ನೆಟ್ಟಗಿದೆಯೇ ಎಂದು ನಗಬೇಡಿ. ಎದುರು ನಿಂತರೆ ನನಗೆ ಬಾಯಿ ಕಟ್ಟಿಹೋಗುತ್ತದೆ. ನನ್ನ ಮೊಮ್ಮಗಳು ಶರಣ್ಯಾ ಸ್ಕೂಲಿಗೆ ಹೋಗುವಾಗ ಇದನ್ನು ನಿಮ್ಮ ಕೈಗೆ ಕೊಡುತ್ತಾಳೆ.

ನಮ್ಮೂರು ಬೆಳೆದ ಚೆಂದ ನೋಡಿ! ಕಡಲೇಕಾಯಿ ಹೊಲಗಳೆಲ್ಲ ಸೈಟಾದವು. ಒಂದೊಂದು ಲೇಔಟಿಗೂ ಹೈವೇ ಕಡೆಗೆ ಒಂದೇ ದಾರಿ. ಒಳಗಿನ ಕ್ರಾಸುಗಳೆಲ್ಲ ಯಾವುದಾದರೂ ಗೋಡೆ ಮುಟ್ಟಿ ನಿಂತುಬಿಡುತ್ತವೆ. ನಮ್ಮ ಮೂರನೇ ಕ್ರಾಸು ನಿಂತದ್ದು ನಿಮ್ಮ ಹಿತ್ತಲ ಗೋಡೆಗೆ. ನಿಮ್ಮ ಒಗ್ಗರಣೆಯ ವಾಸನೆ ಗೋಡೆ ಹಾರಿ ಬರುತ್ತಿತ್ತು, ನಾವು ನಿಮ್ಮನೆಗೆ ಬರಬೇಕೆಂದರೆ ಮಾತ್ರ ಸರ್ವಿಸ್ ರಸ್ತೆಯಲ್ಲಿ ಎರಡು ಕಿಲೋಮೀಟರ್ ಸುತ್ತಬೇಕಿತ್ತು. ಸ್ಕೂಲು ಮಕ್ಕಳದ್ದೂ ಅದೇ ಪಾಡು.

ರಸ್ತೆ ನೇರ ಬಂದು ಮನೆಗೆ ಬಡಿದರೆ ಕುತ್ತು, ಯಜಮಾನನಿಗೆ ಆಗಿಬರುವುದಿಲ್ಲ ಎಂದು ಅಣ್ಣ ಆ ಗೋಡೆ ಎಬ್ಬಿಸಿದ. ಅವನು ತೀರಿಕೊಂಡ ಮೇಲೂ ಲೇಔಟಿನವರು ಅವನನ್ನು ಬಯ್ಯುವುದು ಬಿಡಲಿಲ್ಲ. ನೀವು ಎಲ್ಲ ನುಂಗಿಕೊಂಡಿರಿ.

ಜೂನ್‌ನಲ್ಲಿ ಶರಣ್ಯಾಳ ಸೈಕಲ್ಲಿಗೆ ಲಾರಿ ಸವರಿಕೊಂಡು ಹೋಯಿತಲ್ಲ, ದೇವರು ದೊಡ್ಡವನು, ಮೊಣಕೈ ತರಚಿದ್ದಷ್ಟೇ. ಮಾರನೇ ಬೆಳಿಗ್ಗೆಯೇ ನೀವು ಗಾರೆ ಕೆಲಸದ ರಂಗರಾಜುವನ್ನು ಕರೆಸಿದಿರಿ. ಕುತ್ತು ಕಣಮ್ಮ, ಬ್ಯಾಡ ಎಂದು ಅವನು ಹಿಂಜರಿದಾಗ ನೀವು ಅಂದದ್ದನ್ನು ಇಡೀ ಲೇಔಟು ಹೇಳಿಕೊಂಡು ತಿರುಗುತ್ತಿದೆ: ಮಕ್ಳ ಮ್ಯಾಲೆ ಲಾರಿ ಬರೋ ಬದ್ಲು ನನ್ ಮನೆ ಮ್ಯಾಲೆ ರಸ್ತೆ ಬರ್ಲಿ, ಒಡ್ದು ಬುಡು ಕಣ್ಲಾ! ಗೋಡೆ ಬಿತ್ತು, ಮನೆ ಪಕ್ಕದ ಜಾಗವನ್ನೂ ದಾರಿಗೆ ಬಿಟ್ಟುಕೊಟ್ಟಿರಿ. ಅಬ್ಬಾ, ಎಪ್ಪತ್ತರ ಹೆಂಗಸಿಗೆ ಎಂಥ ಎದೆ!

ಈಗ ಸೈಕಲ್ಲು, ಸೊಪ್ಪಿನ ಗಾಡಿ, ಆಸ್ಪತ್ರೆಗೆ ಹೋಗುವ ಬಸುರಿಯರು, ಎಲ್ಲ ನಿಮ್ಮ ಹಿತ್ತಲಲ್ಲೇ. ಅವರಿಗೆ ಕುಡಿಯಲು ನೀರು ಬೇರೆ ಇಟ್ಟಿದ್ದೀರಂತೆ. ನಿಮ್ಮನ್ನು ನೆನೆದರೆ ನನಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಇಂತಿ ನಿಮ್ಮ,
ಸರ್ವಮಂಗಳಾ

ವಿ.ಸೂ.: ಇದು ಮರೆತು ಉಳಿದದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಅಣ್ಣನಿಗೆ ಮೊದಲು ಕುತ್ತಿನ ನಂಬಿಕೆ ಇರಲೇ ಇಲ್ಲ, ಅತ್ತಿಗೆ. ನಿಮ್ಮ ಕಡೆಯ ಹಳೇ ಬೀದಿಯ ಜನ, ದನ ನನ್ನ ಹೊಸ ಮನೆ ಮುಂದೆ ಓಡಾಡುವುದು ಬೇಡವೆಂದು, ವಾಸ್ತು ಹೇಳುವವನನ್ನು ಕರೆತಂದು ಅಣ್ಣನನ್ನು ಹೆದರಿಸಿದವಳು ನಾನೇ. ಅವನು ತಿಂದ ಬಯ್ಗುಳವೆಲ್ಲ ನನ್ನ ಪಾಲಿನದು. ಆ ದಾರಿಯಲ್ಲಿ ಊರೇ ಓಡಾಡುತ್ತಿದೆ. ನಾನೊಬ್ಬಳು ಇವತ್ತಿಗೂ ಹೈವೇ ಸುತ್ತಿಕೊಂಡೇ ಸಂತೆಗೆ ಹೋಗುತ್ತಿದ್ದೇನೆ. ನೀವು ಬಾ ಅನ್ನದೆ ಹೇಗೆ ಕಾಲಿಡಲಿ?