ಹೆಡ್‌ಮೇಷ್ಟ್ರ ಕೋಣೆಯ ನಲವತ್ತು ಪ್ರತಿಗಳು

ಅಪ್ಪನಿಗೆ ನಮಸ್ಕಾರ.

ಮನೆಯಲ್ಲಿ ನೀವು ನನ್ನೊಡನೆ ಮಾತು ಬಿಟ್ಟಿದ್ದೀರಿ, ಹಾಗಾಗಿ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

"ಹಾಡಿನ ಪತ್ರಿಕೇಲಿ ಚರಂಡಿ ಕೆಲಸದವರ ಕಥೆ ಯಾಕೆ?" ಎಂದು ಗದರಿ, ನಾನು ಶಾಲೆಯ ಗೇಟಿನಲ್ಲಿ ಮಕ್ಕಳಿಗೆ ಹಂಚಿದ್ದ, ನಾವು ಗೆಳತಿಯರು ಸೇರಿ ತರುವ ಮಾಸಪತ್ರಿಕೆಯ ನಲವತ್ತು ಪ್ರತಿಗಳನ್ನೂ ಕಿತ್ತುಕೊಂಡು ನಿಮ್ಮ ಕೋಣೆಯಲ್ಲಿಟ್ಟಿರಿ. ತಡವಾಗಿ ಬಂದವರನ್ನು ನೀವು ನಿಲ್ಲಿಸುವುದೂ ಅದೇ ಕೋಣೆಯಲ್ಲಿ. ಈಗ ಮಕ್ಕಳು ಬೇಕೆಂದೇ ತಡವಾಗಿ ಬರುತ್ತಾರೆ. ನೀವು ಪಾಠಕ್ಕೆ ಹೋದೊಡನೆ ಓದುತ್ತಾರೆ.

ನಿನ್ನೆ ಒಬ್ಬಳು ಓಡಿಬಂದು ಹೇಳಿದಳು: "ಅಕ್ಕಾ, ಚರಂಡಿಯವರ ಕಥೆ ಹೇಳೋ ಹಾಡಿನ ಪಕ್ಕ ಹೆಡ್‌ಮೇಷ್ಟ್ರು ಕೆಂಪು ಪೆನ್ನಲ್ಲಿ 'ಭೇಷ್' ಅಂತ ಬರ್ದಿದಾರೆ!"

ದಯವಿಟ್ಟು ಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಡಿ. ಮಕ್ಕಳು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಕೊಡದಿದ್ದರೂ ನಾನು ಬಿಡುವವಳಲ್ಲ. ಸೋಮವಾರ ಹೊಸ ಸಂಚಿಕೆ ಹಿಡಿದು ಗೇಟಿನಲ್ಲಿರುತ್ತೇನೆ. ಕಿತ್ತುಕೊಳ್ಳಲು ಬರುವಾಗ ಕೆಂಪು ಪೆನ್ನು ಮರೆಯಬೇಡಿ.

ನಿಮ್ಮಷ್ಟೇ ಹಟಮಾರಿ,
ಮಗಳು