ಹಲ್ಲಿನ ತಪ್ಪಿಗೆ ಕಿವಿಗೆ ಶಿಕ್ಷೆ

ಮಂಗಳವಾರ, ಪಂಪ್‌ಹೌಸಿನ ಮೆಟ್ಟಿಲಿನಿಂದ

ನನ್ನ ಗುಬ್ಬಿಗೆ, ಕೆನ್ನೆ ಊದಿಸಿಕೊಂಡಿರುವ ಅಮ್ಮನ ಮುತ್ತು.

ಊದಿರುವುದು ಬರೀ ಕೋಪಕ್ಕಲ್ಲ. ಶನಿವಾರ ದವಡೆಯ ಹಲ್ಲು ಕೀಳಿಸಿಕೊಂಡೆ. ಮೂರು ತಿಂಗಳಿಂದ ನನ್ನ ಬಲಗಿವಿಯನ್ನು ಸುಡುತ್ತಿದ್ದ ಪಾಪಿ ಅದೇ. ಹಲ್ಲಿನ ಡಾಕ್ಟರು ಸಣ್ಣ ಕಡ್ಡಿಯಿಂದ ಅದನ್ನು ತಟ್ಟಿದಾಗ ನಾನು ಹಿಡಿದುಕೊಂಡದ್ದು ಬಾಯನ್ನಲ್ಲ, ಕಿವಿಯನ್ನು. "ಹಲ್ಲಿನ ಬೇರಲ್ಲಿ ಕೀವು ತುಂಬಿದೆ ಅಮ್ಮಾ. ಕಿವಿ ಏನೂ ಮಾಡಿಲ್ಲ ಪಾಪ" ಅಂದರು.

ಏನೂ ಮಾಡದ ಆ ಕಿವಿಗೆ ನೀನು, ಹೆಸರಾಂತ ಕಿವಿ ಡಾಕ್ಟರು, ಮೂರು ಬಗೆಯ ಹನಿ ಹಾಕಿದೆ. ಸಾಲದೆಂದು, ಕೆಲಸಕ್ಕೆ ಯೋಗ್ಯವಲ್ಲದ ಕಿವಿ ಎಂದು ನನ್ನ ಕಚೇರಿಗೆ ಕಾಗದ ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಿನ್ನ ಓದಿನ ದಪ್ಪ ಪುಸ್ತಕಗಳಿಗೆ ರಟ್ಟು ಹಾಕಿದವಳು ನಾನು. ಹಾಕುವಾಗ ಓದಿಯೂ ಇದ್ದೇನೆ. ದವಡೆಯ ನರ ಕಿವಿಯ ಪಕ್ಕದಲ್ಲೇ ಹಾಯುವ ಚಿತ್ರ ನಾಲ್ಕನೇ ಅಧ್ಯಾಯದಲ್ಲಿದೆ. ತೆಗೆದು ನೋಡು.

ಮೂವತ್ತೊಂದು ವರ್ಷ ಈ ರಸ್ತೆಗಳ ಮೇಲೆ ಕಬ್ಬಿಣದ ಸರಳು ಊರಿ, ಅದರ ತುದಿಗೆ ಕಿವಿಯಿಟ್ಟು, ನೆಲದಡಿಯ ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹೇಳಿದ್ದೇನೆ. ನಿನ್ನ ಕಾಗದ ಸಿಕ್ಕಿದ್ದೇ ತಡ, ನಮ್ಮ ಎಂಜಿನಿಯರು, ಎಲ್ಲದಕ್ಕೂ ಯಂತ್ರ ಎನ್ನುವ ಮೀಟರ್ ಸಾಹೇಬ, "ಸೋಮವಾರದಿಂದ ಟಪಾಲು ವಿಭಾಗ. ನೆರಳಲ್ಲಿ ಕೂತ್ಕೊಳ್ಳಿ ಕಿವಿಯಮ್ಮಾ" ಅಂದ.

ಸೋಮವಾರ ಟಪಾಲಿಗೆ ಹೋಗಲಿಲ್ಲ. ಶಾಲೆಯ ರಸ್ತೆಯಲ್ಲಿ ಎರಡು ದಿನದಿಂದ ನಲ್ಲಿಗಳು ಒಣಗಿದ್ದವು, ಅಲ್ಲಿಗೇ ಹೋದೆ. ಯಂತ್ರ ಹೇಳಿದ ಜಾಗ ಅಗೆದರೆ ಬರೀ ಒಣಮಣ್ಣು. ಒಂಬತ್ತು ವರ್ಷದ ಹಿಂದೆ ಇವನ ಹಿಂದಿನ ಎಂಜಿನಿಯರು ಸೋರಿಕೆ ಸಿಗದೆ ಇದೇ ರಸ್ತೆಯನ್ನು ಹನ್ನೊಂದು ಕಡೆ ತೋಡಿಸಿದ್ದ. ಅವನು ಮರೆತಿರಬಹುದು, ನಾನು ಮರೆತಿಲ್ಲ. ಶಾಲೆ ಬಿಡುವ ಹೊತ್ತು, ಕಿವಿ ಗಡಚಿಕ್ಕುವ ಗದ್ದಲ. ಆದರೂ ಸರಳು ಊರಿ ನೀರಿನ ಸದ್ದು ಕೇಳಿದೆ. ಏಳು ಹೆಜ್ಜೆ ಆಚೆ, ದರ್ಜಿಯ ಅಂಗಡಿಯ ಮುಂದೆ ನಿಂತು, ಇಲ್ಲಿ ಅಗೆಯಿರಿ ಎಂದೆ.

"ಇಲ್ಲಿ ಇಲ್ದಿದ್ರೆ?" ಅಂದ ಮೀಟರ್ ಸಾಹೇಬ.

"ಇಲ್ದಿದ್ರೆ ನಾಳೆಯಿಂದ ನಿಮ್ಮ ಲಕೋಟೆಗೆಲ್ಲ ನಾನೇ ಅಂಟು ಹಚ್ತೀನಿ ಸಾಹೇಬ್ರೇ."

ಮೊಣಕಾಲುದ್ದ ಅಗೆಯುವಷ್ಟರಲ್ಲಿ ನೀರು ಚಿಮ್ಮಿ ಅವನ ಸೊಂಟದವರೆಗೂ ತೋಯಿಸಿತು. ದರ್ಜಿ ಕಿಟಕಿಯಿಂದಲೇ, "ಸಾಹೇಬ್ರೇ, ಪ್ಯಾಂಟು ಕತ್ತರಿಸಿ ಚಡ್ಡಿ ಮಾಡಿ ಕೊಡ್ಲಾ?" ಅಂದ. ರಸ್ತೆಗೆ ರಸ್ತೆಯೇ ನಕ್ಕಿತು. ಸಾಹೇಬ ಮಾತ್ರ, "ನಿಮ್ಮ ಮಗಳ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ" ಎಂದು ನೆನಪಿಸಿ ಹೊರಟ.

ಆದ್ದರಿಂದ ಶುಕ್ರವಾರದೊಳಗೆ ಹೊಸ ಕಾಗದ ಬರೆ: ಒಂದು ಹಲ್ಲು ಹೋಗಿದೆ, ಕಿವಿ ಎರಡೂ ಇವೆ. ನನ್ನನ್ನು ನೆರಳಿಗೆ ಕೂರಿಸುವ ನಿನ್ನ ಪ್ರೀತಿಯನ್ನು ಮಡಿಸಿ ನಿನ್ನ ಹತ್ತಿರವೇ ಇಟ್ಟುಕೋ. ನನ್ನ ಕಾಲು ರಸ್ತೆಯ ಮೇಲಿದ್ದರೇ ನಾನು ನೆಟ್ಟಗಿರುತ್ತೇನೆ.

ಲಕೋಟೆಗೆ ಅಂಟು ಹಚ್ಚದ,
ನಿನ್ನ ಅಮ್ಮ

ತಾ.ಕ.: ಮಗಳು ಡಾಕ್ಟರಾಗಿ ಬಾಯಿ ನೋಡಲಿಲ್ಲವೇ ಎಂದು ಹಲ್ಲಿನ ಡಾಕ್ಟರು ಕೇಳಿದರು. ಅವಳಿಗೆ ಕಿವಿ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದೆ. ಸುಳ್ಳು. ನೀನು ಎರಡು ಸಲ "ಅಮ್ಮಾ, ಆ ಅನ್ನು" ಅಂದಿದ್ದೆ, ನಾನೇ ತುಟಿ ಬಿಗಿದು ಕೂತಿದ್ದೆ. ಗದ್ದಲದ ರಸ್ತೆಯಲ್ಲಿ ನಾವು ಹಳಬರು ಸರಳನ್ನು ಹಲ್ಲಲ್ಲಿ ಕಚ್ಚಿ ಕೇಳುತ್ತೇವೆ; ಸದ್ದು ಮೂಳೆಯೊಳಗಿಂದ ಬರುತ್ತದೆ. ಇನ್ನು ಕಚ್ಚುವುದಿಲ್ಲ ಎಂದು ನಿನಗೆ ಮಾತು ಕೊಟ್ಟು ಹತ್ತು ವರ್ಷವಾಯಿತು. ಸರಳು ಕಚ್ಚಿ ಕಚ್ಚಿ ಸೀಳಿಹೋದ ಹಲ್ಲು ನೋಡಿದ್ದರೆ ನಿನಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ನಿನ್ನೆ ಕಚ್ಚಿದ್ದು ಎಡಗಡೆ.